ಬೋರ್ಡ್ ಆಮೇಲೆ ನೋಡೋಣ, ಮೊದಲು ಸ್ವಿಚ್ ಎಣಿಸಿ

ಪ್ರಶ್ನೆ: ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್ ಆಡಲು ಸೆಸ್ನಾ 172 ವಿಮಾನದ ಮಾದರಿಯ ಕಾಕ್‌ಪಿಟ್ ಒಂದನ್ನು ಮನೆಯಲ್ಲೇ ಕಟ್ಟುತ್ತಿದ್ದೇನೆ. ಮರದ ಚೌಕಟ್ಟು ಮುಗಿದಿದೆ. ಯೋಕ್ (ವಿಮಾನದ ಸ್ಟೀರಿಂಗ್), ರಡರ್ ಪೆಡಲ್, ಥ್ರಾಟಲ್, ಮಿಕ್ಸ್ಚರ್ (ಇಂಧನ-ಗಾಳಿ ಬೆರಕೆಯ ನಿಯಂತ್ರಣ), ಸುಮಾರು 40 ಸ್ವಿಚ್, ರೇಡಿಯೊ ಮತ್ತು ಆಟೊಪೈಲಟ್‌ಗೆ ನಾಬ್‌ಗಳು, ಹತ್ತು ಹನ್ನೆರಡು ದೀಪ ಬೇಕು. ಸಾಧ್ಯವಾದರೆ ನಿಜವಾದ ಮುಳ್ಳಿನ ಡಯಲ್‌ಗಳನ್ನೂ ಹಾಕುವ ಆಸೆ. ಇಷ್ಟಕ್ಕೂ ಒಂದು ಆರ್ಡುಯಿನೊ ಮೆಗಾ (ಪ್ರೋಗ್ರಾಮ್ ಮಾಡಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಸಾಕೇ, ಅಥವಾ ಸಿದ್ಧ ಜಾಯ್‌ಸ್ಟಿಕ್ ಬೋರ್ಡ್ ಕೊಳ್ಳಬೇಕೇ? ಚಲನೆ ಅಳೆಯಲು ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ತಡೆ ಬದಲಾಗುವ ಬಿಡಿಭಾಗ) ಹಾಕಲೋ, ಹಾಲ್ ಸೆನ್ಸರ್ (ಅಯಸ್ಕಾಂತದ ಮೂಲಕ ಅಳೆಯುವುದು) ಹಾಕಲೋ? ಮುಂದೆ ಇದನ್ನೇ ಏರ್‌ಬಸ್ ಎ320 ಆಗಿ ಬದಲಾಯಿಸಲು ಬರುತ್ತದೆಯೇ?

ಉತ್ತರ: ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳುವುದಾದರೆ, ಮೆಗಾದಲ್ಲಿ ಪಿನ್‌ಗಳು ಸಾಕು, ಆದರೂ ಅದೊಂದೇ ಸಾಲದು. ಯೋಕ್ ಮತ್ತು ಪೆಡಲ್‌ಗಳನ್ನು ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುವ ಬೇರೆ ಸಣ್ಣ ಬೋರ್ಡ್‌ಗಳಿಗೆ ಕೊಡಿ. ಸ್ವಿಚ್, ನಾಬ್, ದೀಪಗಳನ್ನು ಮೆಗಾಕ್ಕೆ ಕೊಡಿ. ಯೋಕ್‌ಗೆ ಮ್ಯಾಗ್ನೆಟಿಕ್ ಸೆನ್ಸರ್ ಹಾಕಿ, ಥ್ರಾಟಲ್‌ಗೆ ಪೊಟೆನ್ಷಿಯೋಮೀಟರ್ ಸಾಕು. ಏಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಬಹಳ ಜನ ಮೊದಲು ಬೋರ್ಡ್ ಕೊಂಡು, ಆಮೇಲೆ ಅದರಲ್ಲಿ ಏನೇನು ಹಿಡಿಸುತ್ತದೆ ಎಂದು ನೋಡುತ್ತಾರೆ. ಕ್ರಮ ತಿರುಗುಮುರುಗಾಗಬೇಕು. ಒಂದು ಹಾಳೆಯಲ್ಲಿ ಪ್ರತಿಯೊಂದು ನಿಯಂತ್ರಣದ ಹೆಸರು ಬರೆದು, ಅದು ನಿರಂತರವಾಗಿ ಬದಲಾಗುವ ಅಕ್ಷವೋ, ಎರಡು ಸ್ಥಿತಿಯ ಸ್ವಿಚ್ಚೋ, ಹಲವು ಸ್ಥಾನದ ರೋಟರಿಯೋ, ಕೊನೆಯಿಲ್ಲದೆ ತಿರುಗುವ ಎನ್‌ಕೋಡರೋ, ದೀಪವೋ ಎಂದು ಎದುರಿಗೆ ಗುರುತು ಹಾಕಿ. ಪಕ್ಕದಲ್ಲಿ ಎಷ್ಟು ತಂತಿ ಬೇಕೆಂದು ಬರೆಯಿರಿ. ಈ ಹಾಳೆ ಮುಗಿಯುವಷ್ಟರಲ್ಲಿ ಬೋರ್ಡ್ ಯಾವುದೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ನಿಮ್ಮ ಪಟ್ಟಿಯನ್ನೇ ಹಿಡಿಯೋಣ. ಏಲೆರಾನ್ (ವಿಮಾನ ವಾಲಿಸಲು), ಎಲಿವೇಟರ್ (ಮೂಗು ಏರಿಳಿಸಲು), ರಡರ್ (ಮೂಗು ಎಡಬಲ ತಿರುಗಿಸಲು), ಎಡ ಬ್ರೇಕ್, ಬಲ ಬ್ರೇಕ್, ಥ್ರಾಟಲ್, ಮಿಕ್ಸ್ಚರ್: ಒಟ್ಟು ಏಳು ಅಕ್ಷ. ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ ಪದ್ಧತಿಯಲ್ಲಿ ಒಂದು ಜಾಯ್‌ಸ್ಟಿಕ್‌ಗೆ 8 ಅಕ್ಷ, 128 ಬಟನ್ ಮಿತಿ. ಹಾಗಾದರೆ ಯೋಕ್ ಮೇಲಿನ ಕೈಭಾರ ಇಳಿಸುವ ಟ್ರಿಮ್ ಚಕ್ರವನ್ನು ಎಂಟನೆಯದಾಗಿ ಸೇರಿಸಬಹುದಲ್ಲ ಎನ್ನಿಸುತ್ತದೆ. ಬೇಡ. ಟ್ರಿಮ್ ಚಕ್ರ ಹಲವು ಸುತ್ತು ತಿರುಗಬೇಕು, ಅದಕ್ಕೆ ಎನ್‌ಕೋಡರೇ ಸರಿ. ಫ್ಲ್ಯಾಪ್ (ಇಳಿಯುವಾಗ ಕೆಳಗೆ ಬಾಗಿಸುವ ರೆಕ್ಕೆಯ ಭಾಗ) ಸನ್ನೆಯನ್ನೂ, ಅಂದರೆ ಲಿವರನ್ನೂ, ಅಕ್ಷ ಮಾಡಬೇಡಿ. ಈಗಿನ 172ರಲ್ಲಿ ಫ್ಲ್ಯಾಪ್‌ಗೆ ನಾಲ್ಕೇ ಗುರುತು: 0, 10, 20, 30 ಡಿಗ್ರಿ. ನಾಲ್ಕು ಮೈಕ್ರೋಸ್ವಿಚ್ ಇಟ್ಟರೆ ಸನ್ನೆ ಎಂದಿಗೂ 10 ಮತ್ತು 20ರ ನಡುವೆ ತಡವರಿಸುವುದಿಲ್ಲ.

ಎಂಜಿನ್ ಹೊತ್ತಿಸುವ ಮ್ಯಾಗ್ನೆಟೊ ಕೀಲಿಗೆ ಐದು ಸ್ಥಾನ. ಆಲ್ಟರ್ನೇಟರ್, ಬ್ಯಾಟರಿ, ಏವಿಯಾನಿಕ್ಸ್ ಎರಡು, ಫ್ಯೂಯಲ್ ಪಂಪ್, ಬೀಕನ್, ಲ್ಯಾಂಡಿಂಗ್, ಟ್ಯಾಕ್ಸಿ, ನ್ಯಾವ್, ಸ್ಟ್ರೋಬ್, ಪಿಟೋ ಹೀಟ್ ಒಂದೊಂದು. ಫ್ಯೂಯಲ್ ಸೆಲೆಕ್ಟರ್‌ಗೆ ಮೂರು ಸ್ಥಾನ. ರೇಡಿಯೊ ಪ್ಯಾನೆಲ್ಲಿನ ಬಟನ್‌ಗಳೂ ಸೇರಿ ನೀವು ಹೇಳಿದ 40ರ ಆಸುಪಾಸು ಬರುತ್ತದೆ. ನಾಬ್‌ಗಳ ಲೆಕ್ಕ ಬೇರೆ. ಕಾಮ್ (ಮಾತಾಡುವ ರೇಡಿಯೊ) ಮತ್ತು ನ್ಯಾವ್‌ಗೆ (ದಾರಿ ತೋರುವ ರೇಡಿಯೊ) ಒಂದರೊಳಗೊಂದು ಇರುವ ಜೋಡಿ ನಾಬ್ ಬೇಕು, ಅಂದರೆ ನಾಲ್ಕು ಎನ್‌ಕೋಡರ್. ಹೆಡಿಂಗ್, ಕೋರ್ಸ್, ಆಲ್ಟಿಮೀಟರ್‌ನ ಒತ್ತಡದ ನಾಬ್ ಮತ್ತು ಟ್ರಿಮ್ ಸೇರಿ ಎಂಟು. ಎಂಟಕ್ಕೆ 16 ಪಿನ್, ಒತ್ತುವ ನಾಬ್‌ಗಳಿಗೆ ಇನ್ನೂ ನಾಲ್ಕು.

ಕಂಪ್ಯೂಟರ್‌ಗೆ ಎರಡು ದಾರಿ

ಬೋರ್ಡ್ ಕಂಪ್ಯೂಟರ್ ಜೊತೆ ಮಾತಾಡುವ ದಾರಿ ಎರಡು. ಮೊದಲನೆಯದರಲ್ಲಿ ಬೋರ್ಡ್ ತನ್ನನ್ನು ಜಾಯ್‌ಸ್ಟಿಕ್ ಎಂದು ಪರಿಚಯಿಸಿಕೊಳ್ಳುತ್ತದೆ. ಬೇರೆ ತಂತ್ರಾಂಶ ಬೇಡ, ಯಾವ ಸಿಮ್ಯುಲೇಟರ್ ಆದರೂ ಗುರುತು ಹಿಡಿಯುತ್ತದೆ, ವಿಳಂಬವೂ ಕಡಿಮೆ. ಆದರೆ ಅದು ಹೆಚ್ಚುಕಡಿಮೆ ಒಮ್ಮುಖ ರಸ್ತೆ; ದೀಪ ಹೊತ್ತಿಸಲು, ಮುಳ್ಳು ತಿರುಗಿಸಲು ಬರುವುದಿಲ್ಲ. ಎರಡನೆಯದರಲ್ಲಿ ಮೊಬಿಫ್ಲೈಟ್‌ನಂಥ ತಂತ್ರಾಂಶ ನಡುವೆ ಕುಳಿತು ಸಿಮ್ಯುಲೇಟರ್‌ನ ಒಳಗಿನ ಮೌಲ್ಯಗಳನ್ನು ಓದುತ್ತದೆ, ಬರೆಯುತ್ತದೆ. ಇದು ಉಚಿತ, ಕೋಡ್ ಬರೆಯುವ ಅಗತ್ಯವಿಲ್ಲ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮತ್ತು ಎಕ್ಸ್-ಪ್ಲೇನ್ ಎರಡಕ್ಕೂ ನಡೆಯುತ್ತದೆ.

ಮೆಗಾ 2560ರಲ್ಲಿ 54 ಡಿಜಿಟಲ್ ಪಿನ್, 16 ಅನಲಾಗ್ ಪಿನ್ ಇವೆ. ಅನಲಾಗ್ ಪಿನ್‌ಗಳನ್ನೂ ಡಿಜಿಟಲ್ ಆಗಿ ಬಳಸಬಹುದು. ಆದರೆ ಅದರ ಮುಖ್ಯ ಚಿಪ್‌ಗೆ ಯುಎಸ್‌ಬಿ ಗೊತ್ತಿಲ್ಲ. ಪಕ್ಕದಲ್ಲಿರುವ ಇನ್ನೊಂದು ಚಿಪ್ ಅದನ್ನು ಸೀರಿಯಲ್ ಪೋರ್ಟ್ ಆಗಿ ತೋರಿಸುತ್ತದೆ. ಹಾಗಾಗಿ ಮೆಗಾ ಎರಡನೆಯ ದಾರಿಗೆ ಹೇಳಿ ಮಾಡಿಸಿದ್ದು, ಮೊದಲನೆಯದಕ್ಕೆ ಅಲ್ಲ. ಜಾಯ್‌ಸ್ಟಿಕ್ ಆಗಬಲ್ಲವು ಎಟಿಮೆಗಾ32ಯು4 ಚಿಪ್ ಇರುವ ಲಿಯೊನಾರ್ಡೊ ಮತ್ತು ಪ್ರೊ ಮೈಕ್ರೊ, ಅಲ್ಲದೆ ಟೀನ್ಸಿ, ರಾಸ್ಪ್‌ಬೆರಿ ಪೈ ಪೈಕೊ ಬೋರ್ಡ್‌ಗಳು. ಕೋಡ್ ಮುಟ್ಟುವುದೇ ಬೇಡ ಎನ್ನುವವರಿಗೆ ಲಿಯೊ ಬೋಡ್ನಾರ್‌ನ ಬಿಯು0836ಎ ಇದೆ: 8 ಅಕ್ಷ, 12 ಬಿಟ್ (ಅಂದರೆ ಓಟವನ್ನು 4096 ಮೆಟ್ಟಿಲಾಗಿ ಅಳೆಯುವುದು), 32 ಬಟನ್. ತಂತಿ ಸೇರಿಸಿ ಯುಎಸ್‌ಬಿಗೆ ಚುಚ್ಚಿದರೆ ಮುಗಿಯಿತು. ಎರಡು ಮೂರು ಪ್ರೊ ಮೈಕ್ರೊ ಜೊತೆ ಒಂದು ವಾರ ಗುದ್ದಾಡುವ ತಾಳ್ಮೆ ಇಲ್ಲದಿದ್ದರೆ ಅದೇ ಒಳ್ಳೆಯದು.

ಪೈಕೊ ಬಗ್ಗೆ ಮೂರು ಎಚ್ಚರಿಕೆ. ಅದರ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ಕೊಟ್ಟ ಪೊಟೆನ್ಷಿಯೋಮೀಟರ್‌ನ ನಡುವಿನ ತಂತಿಯನ್ನು ಅಲ್ಲಿಗೆ ಸೇರಿಸಿದರೆ ಚಿಪ್ ಸತ್ತಂತೆಯೇ. ಅನಲಾಗ್ ಪಿನ್ ಹೊರಗೆ ಸಿಗುವುದು ಮೂರೇ. ಅದರ 12 ಬಿಟ್ ಓದಿನಲ್ಲಿ ಕೆಲವು ನಿರ್ದಿಷ್ಟ ಅಂಕಿಗಳ ಹತ್ತಿರ ಜಿಗಿತವಿದೆ, ಇದು ಚಿಪ್‌ನದೇ ತಿಳಿದ ದೋಷ. ಬಟನ್ ಪೆಟ್ಟಿಗೆಗೆ ಪೈಕೊ ಚೆನ್ನ. ಎಲಿವೇಟರ್‌ಗೆ ನೇರವಾಗಿ ಬೇಡ.

ಅಕ್ಷಗಳು: ಕೈ ಸದಾ ಇರುವ ಜಾಗ

ಹಾರಾಟದ ಉದ್ದಕ್ಕೂ ಕೈಕಾಲು ಬಿಡದೆ ಇರುವುದು ಏಲೆರಾನ್, ಎಲಿವೇಟರ್, ರಡರ್ ಮೇಲೆ. ಲ್ಯಾಂಡಿಂಗ್ ಲೈಟಿನ ಸ್ವಿಚ್ ಅಗ್ಗದ್ದಾದರೆ ಯಾರಿಗೂ ಗೊತ್ತಾಗದು. ಎಲಿವೇಟರ್ ನಡುಗಿದರೆ ನೆಲ ಮುಟ್ಟುವ ಪ್ರತಿ ಸಲವೂ ಗೊತ್ತಾಗುತ್ತದೆ. ಖರ್ಚು ಮತ್ತು ಶ್ರಮ ಈ ಮೂರಕ್ಕೆ ಸುರಿಯಿರಿ, ಉಳಿದದ್ದರಲ್ಲಿ ಉಳಿಸಿ.

ಇಲ್ಲಿ ಎಲ್ಲರೂ ಎಡವುವುದು ಬಿಟ್ ಲೆಕ್ಕದಲ್ಲಿ. ಸಾಮಾನ್ಯ ಪೊಟೆನ್ಷಿಯೋಮೀಟರ್ ಸುಮಾರು 300 ಡಿಗ್ರಿ ತಿರುಗುತ್ತದೆ. ನಿಮ್ಮ ಪೆಡಲ್ಲಿನ ತೋಳು ತಿರುಗುವುದು 60 ಡಿಗ್ರಿ ಎಂದುಕೊಳ್ಳಿ. ಪೊಟೆನ್ಷಿಯೋಮೀಟರನ್ನು ನೇರವಾಗಿ ತೋಳಿನ ಕೀಲಿಗೆ ಕೂರಿಸಿದರೆ ಅದರ ವ್ಯಾಪ್ತಿಯ ಐದನೇ ಒಂದು ಭಾಗ ಮಾತ್ರ ಬಳಕೆಯಾಗುತ್ತದೆ. 10 ಬಿಟ್ ಬೋರ್ಡ್‌ನ 1024 ಮೆಟ್ಟಿಲಲ್ಲಿ ಕೈಗೆ ಸಿಗುವುದು 205. ಅದರಲ್ಲೂ ಎರಡು ಮೂರು ಮೆಟ್ಟಿಲು ಸದಾ ನಡುಗುತ್ತಿರುತ್ತವೆ. ಸಿಮ್ಯುಲೇಟರ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿದರೆ ಈ 205ನ್ನೇ ಪೂರ್ತಿ ವ್ಯಾಪ್ತಿಗೆ ಹಿಗ್ಗಿಸುತ್ತದೆ, ನಡುಕವನ್ನೂ ಜೊತೆಗೇ ಹಿಗ್ಗಿಸುತ್ತದೆ. ಒಂದಕ್ಕೆ ನಾಲ್ಕರ ಅನುಪಾತದ ಹಲ್ಲುಚಕ್ರವೋ ಹಲ್ಲಿನ ಬೆಲ್ಟೋ ಹಾಕಿದರೆ ಪೊಟೆನ್ಷಿಯೋಮೀಟರ್ 240 ಡಿಗ್ರಿ ತಿರುಗಿ ಮೆಟ್ಟಿಲು 819ಕ್ಕೆ ಏರುತ್ತದೆ. ಹಲ್ಲುಚಕ್ರದಲ್ಲಿ ಪ್ಲೇ (ಹಲ್ಲುಗಳ ನಡುವಿನ ಸಡಿಲ) ಇದ್ದರೆ ಮಾತ್ರ ಗಳಿಸಿದ್ದೆಲ್ಲ ನಡುಬಿಂದುವಿನಲ್ಲಿ ಕಳೆಯಿತು. ಬೆಲ್ಟ್ ಆ ವಿಷಯದಲ್ಲಿ ವಾಸಿ.

ಎಲಿವೇಟರ್‌ಗೆ ಒಂದು ಲೆಕ್ಕ ಕೊಡುತ್ತೇವೆ, ನೇರ ಬಳಸಬಹುದು. ಯೋಕ್ ಹಿಂದೆ ಮುಂದೆ 150 ಮಿಲಿಮೀಟರ್ ಸರಿಯುತ್ತದೆ ಎನ್ನಿ. ಜಿಟಿ2 ಬೆಲ್ಟಿನ ಹಲ್ಲಿನ ಅಂತರ 2 ಮಿಲಿಮೀಟರ್. 80 ಹಲ್ಲಿನ ಪುಲ್ಲಿ ಒಂದು ಸುತ್ತಿಗೆ 160 ಮಿಲಿಮೀಟರ್ ಬೆಲ್ಟ್ ಎಳೆಯುತ್ತದೆ. ಅಂದರೆ 150 ಮಿಲಿಮೀಟರ್‌ಗೆ ಸುಮಾರು 337 ಡಿಗ್ರಿ. ಪುಲ್ಲಿಯ ಅಕ್ಷದಂಡದ ತುದಿಗೆ ಅಯಸ್ಕಾಂತ ಅಂಟಿಸಿ, ಎದುರಿಗೆ ಎಎಸ್5600 ಎಂಬ ಮ್ಯಾಗ್ನೆಟಿಕ್ ಸೆನ್ಸರ್ ಇಟ್ಟರೆ ಅದರ 4096 ಮೆಟ್ಟಿಲಲ್ಲಿ 3840 ನಿಮ್ಮ ಕೈಗೆ ಸಿಗುತ್ತವೆ. ಉಳಿದ 22 ಡಿಗ್ರಿಯಲ್ಲೇ ಸೆನ್ಸರ್‌ನ ಸೊನ್ನೆ ಬಿಂದು ಬೀಳುವಂತೆ ಅಯಸ್ಕಾಂತವನ್ನು ತಿರುಗಿಸಿ ಅಂಟಿಸಬೇಕು. ಇಲ್ಲದಿದ್ದರೆ ಯೋಕ್ ಎಳೆಯುವಾಗ ಯಾವುದೋ ಒಂದು ಹಂತದಲ್ಲಿ ಮೌಲ್ಯ 4095ರಿಂದ ಸೊನ್ನೆಗೆ ಹಾರಿ ವಿಮಾನ ಮೂಗಡಿಯಾಗುತ್ತದೆ.

ಈ ಸೆನ್ಸರ್‌ನಲ್ಲಿ ಕೈಕೊಡುವ ಸಂಗತಿಗಳು ನಾಲ್ಕು. ಅಯಸ್ಕಾಂತ ವ್ಯಾಸದ ದಿಕ್ಕಿನಲ್ಲಿ ಕಾಂತೀಯವಾಗಿರಬೇಕು, ಅಂದರೆ ಬಿಲ್ಲೆಯ ಒಂದು ಅರ್ಧ ಉತ್ತರ, ಇನ್ನೊಂದು ಅರ್ಧ ದಕ್ಷಿಣ. ಸಾಮಾನ್ಯವಾಗಿ ಸಿಗುವ ಬಿಲ್ಲೆಯಲ್ಲಿ ಮೇಲ್ಮುಖ ಉತ್ತರ, ಕೆಳಮುಖ ದಕ್ಷಿಣ. ಅದನ್ನು ತಿರುಗಿಸಿದರೂ ಸೆನ್ಸರ್‌ಗೆ ಬದಲಾವಣೆಯೇ ಕಾಣದು. 6 ಮಿಲಿಮೀಟರ್ ಬಿಲ್ಲೆಗೂ ಚಿಪ್‌ಗೂ ನಡುವೆ ಅರ್ಧದಿಂದ 3 ಮಿಲಿಮೀಟರ್ ಅಂತರ ಇರಲಿ. ಬಿಲ್ಲೆಯನ್ನು ಉಕ್ಕಿನ ತಿರುಪಿನ ತಲೆಗೆ ನೇರ ಅಂಟಿಸಬೇಡಿ, ನಡುವೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ತುಂಡಿರಲಿ. ನಾಲ್ಕನೆಯದು, ಇದರ ಐ2ಸಿ (ಎರಡು ತಂತಿಯ ಸಂಪರ್ಕ ಪದ್ಧತಿ) ವಿಳಾಸ ಬದಲಾಯಿಸಲು ಬರುವುದಿಲ್ಲ. ಒಂದೇ ಜೋಡಿ ತಂತಿಯ ಮೇಲೆ ಎರಡು ಸೆನ್ಸರ್ ಇಟ್ಟರೆ ಎರಡೂ ಒಟ್ಟಿಗೆ ಉತ್ತರಿಸಿ ಗೊಂದಲವಾಗುತ್ತದೆ. ಟಿಸಿಎ9548ಎ ಎಂಬ ಮಲ್ಟಿಪ್ಲೆಕ್ಸರ್ ನಡುವೆ ಹಾಕಿ ಬೇರೆ ಮಾಡಿ. ಅನಲಾಗ್ ಔಟ್‌ಪುಟ್ ಪಿನ್ ಬಳಸಿಯೂ ಪಾರಾಗಬಹುದು, ಆದರೆ ಅದನ್ನು 10 ಬಿಟ್ ಬೋರ್ಡ್ ಓದಿದರೆ 12 ಬಿಟ್ ಸೆನ್ಸರ್ ಕೊಂಡು ಪ್ರಯೋಜನವೇನು?

ಎಸ್ಎಸ್49ಇ ತರಹದ ಮೂರು ಕಾಲಿನ ಹಾಲ್ ಸೆನ್ಸರ್ ಅಗ್ಗ, ಚಿಕ್ಕದು, ಸವೆಯುವುದಿಲ್ಲ. ಆದರೆ ಅದು ಕೋನವನ್ನಲ್ಲ, ಕಾಂತಕ್ಷೇತ್ರದ ಬಲವನ್ನು ಅಳೆಯುತ್ತದೆ. ಎದುರುಬದುರು ಇಟ್ಟ ಎರಡು ಅಯಸ್ಕಾಂತಗಳ ನಡುವೆ ಅದು ಕೂತರೆ ಸಿಗುವುದು ಸೈನ್ ರೇಖೆ. ನಡುವಿನ 60 ರಿಂದ 80 ಡಿಗ್ರಿ ಹೆಚ್ಚುಕಡಿಮೆ ನೇರ, ಆಚೆಗೆ ಬಾಗುತ್ತದೆ. ರಡರ್‌ಗೆ, ಜಾಯ್‌ಸ್ಟಿಕ್‌ಗೆ ಇದು ಧಾರಾಳ. 180 ಡಿಗ್ರಿ ತಿರುಗುವ ಯೋಕ್‌ಗೆ ಸಲ್ಲದು.

ಪೊಟೆನ್ಷಿಯೋಮೀಟರ್ ಕೆಟ್ಟದ್ದೇನಲ್ಲ. ಥ್ರಾಟಲ್, ಮಿಕ್ಸ್ಚರ್‌ಗಳನ್ನು ಒಮ್ಮೆ ಸರಿಸಿ ಬಿಟ್ಟರೆ ಹತ್ತು ನಿಮಿಷ ಮುಟ್ಟುವುದಿಲ್ಲ. ಅಲ್ಲಿ ಸವೆತ ನಿಧಾನ. 172ರ ಥ್ರಾಟಲ್ ಎಳೆದು ತಳ್ಳುವ ದಂಡ, ಆದ್ದರಿಂದ 60 ಮಿಲಿಮೀಟರ್ ಓಟದ ಸ್ಲೈಡ್ ಪೊಟೆನ್ಷಿಯೋಮೀಟರ್ ಹೊಂದುತ್ತದೆ. ಸೀಳು ಕೆಳಮುಖವಾಗಿರಲಿ, ಧೂಳು ಬೀಳುವುದಿಲ್ಲ. ಕೊಳ್ಳುವಾಗ ಮೇಲಿರುವ ಅಕ್ಷರ ನೋಡಿ: ಈಗಿನ ಬಹುಪಾಲು ಪೊಟೆನ್ಷಿಯೋಮೀಟರ್‌ಗಳಲ್ಲಿ ‘ಬಿ10ಕೆ’ ಎಂದರೆ ನೇರ ಅನುಪಾತದ್ದು, ‘ಎ10ಕೆ’ ಎಂದರೆ ಧ್ವನಿ ಉಪಕರಣಕ್ಕೆ ಮಾಡಿದ ವಕ್ರ ಅನುಪಾತದ್ದು. ಎ ಹಾಕಿದರೆ ಥ್ರಾಟಲ್ ಮೊದಲರ್ಧದಲ್ಲಿ ಸತ್ತಂತಿದ್ದು ಆಮೇಲೆ ಒಮ್ಮೆಲೇ ಗರ್ಜಿಸುತ್ತದೆ. 10 ಕಿಲೋಓಮ್ ಏಕೆಂದರೆ ಈ ಆರ್ಡುಯಿನೊಗಳಲ್ಲಿರುವ ಎಟಿಮೆಗಾ ಚಿಪ್‌ನ ಅನಲಾಗ್ ಓದು 10 ಕಿಲೋಓಮ್‌ಗಿಂತ ಕಡಿಮೆ ತಡೆಯ ಮೂಲವನ್ನು ಬಯಸುತ್ತದೆ. 100 ಕಿಲೋಓಮ್‌ನದು ಹಾಕಿದರೆ ಒಂದು ಅಕ್ಷ ಅಲ್ಲಾಡಿಸಿದಾಗ ಪಕ್ಕದ ಅಕ್ಷವೂ ಅಲ್ಲಾಡುವುದುಂಟು. ನಡುವಿನ ಕಾಲಿನಿಂದ ಗ್ರೌಂಡ್‌ಗೆ, ಬೋರ್ಡ್‌ನ ಹತ್ತಿರದಲ್ಲೇ, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ಪೊಟೆನ್ಷಿಯೋಮೀಟರ್‌ಗೆ ಕರೆಂಟ್ ಅದೇ ಬೋರ್ಡ್‌ನ 5 ವೋಲ್ಟ್ ಪಿನ್‌ನಿಂದಲೇ ಹೋಗಲಿ. ಆಗ ಯುಎಸ್‌ಬಿ ವೋಲ್ಟೇಜ್ ಏರಿಳಿದರೂ ಅಳತೆಗೋಲೂ ಜೊತೆಗೇ ಏರಿಳಿದು ಫಲಿತಾಂಶ ಬದಲಾಗದು. ಬೇರೆ ಅಡಾಪ್ಟರ್‌ನಿಂದ ಕೊಟ್ಟರೆ ಈ ಅನುಕೂಲ ಹೋಯಿತು.

ಸೆನ್ಸರ್ ಯಾವುದೇ ಆಗಲಿ, ತುದಿಯ ತಡೆ ಮರದಲ್ಲೋ ಲೋಹದಲ್ಲೋ ಇರಬೇಕು. ಪೊಟೆನ್ಷಿಯೋಮೀಟರ್‌ನ ಒಳಗಿನ ತಡೆಗೆ ಯೋಕ್ ಬಂದು ಬಡಿದರೆ ಅದು ಒಂದೇ ಸಂಜೆಯ ಅತಿಥಿ. ಅದರ ದಂಡದ ಮೇಲೆ ಪಕ್ಕದ ಭಾರವೂ ಬೀಳಬಾರದು. ಭಾರವನ್ನು ಬೇರಿಂಗ್ ಹೊರಲಿ.

ಬ್ರೇಕ್ ಪೆಡಲ್‌ಗೆ ನಿಜದ ಅನುಭವ ಬೇಕೆಂದರೆ ಸ್ಥಾನವನ್ನಲ್ಲ, ಒತ್ತಡವನ್ನು ಅಳೆಯಬೇಕು. ಒತ್ತಡ ಅಳೆಯುವ ಲೋಡ್ ಸೆಲ್ ಜೊತೆ ಎಚ್ಎಕ್ಸ್711 ಮಾಡ್ಯೂಲ್ ಬರುತ್ತದೆ. ಅದು ಸೆಕೆಂಡಿಗೆ 10 ಅಥವಾ 80 ಸಲ ಓದಬಲ್ಲದು. ಎಷ್ಟೋ ಮಾಡ್ಯೂಲ್‌ಗಳಲ್ಲಿ ವೇಗ ಆರಿಸುವ 15ನೇ ಕಾಲನ್ನು ಗ್ರೌಂಡ್‌ಗೆ ಕಟ್ಟಿರುತ್ತಾರೆ, ಹಾಗಾಗಿ 10ರಲ್ಲೇ ನಿಂತಿರುತ್ತದೆ. ತಕ್ಕಡಿಗೆ ಅದು ಸಾಕು, ಬ್ರೇಕ್‌ಗೆ ಸಾಲದು. ಆ ಕಾಲನ್ನು ಎತ್ತಿ ಧನ ವೋಲ್ಟೇಜ್‌ಗೆ ಬೆಸೆದರೆ 80 ಸಿಗುತ್ತದೆ.

ಯೋಕ್ ಕೊಳ್ಳುವುದೋ ಮಾಡುವುದೋ? ಲೇತ್ ಇಲ್ಲದಿದ್ದರೆ, ಬೇರಿಂಗ್ ಕೂರಿಸುವ ಅಭ್ಯಾಸವಿಲ್ಲದಿದ್ದರೆ, ಯೋಕ್ ಕೊಂಡು ಪ್ಯಾನೆಲ್ ನೀವೇ ಮಾಡಿ ಎಂಬುದು ನಮ್ಮ ಸಲಹೆ. ಕೊಳ್ಳುವಾಗ ತಿರುಗುವ ಕೋನ ನೋಡಿ. ಹನಿಕಾಂಬ್ ಆಲ್ಫಾ ಒಟ್ಟು 180 ಡಿಗ್ರಿ ತಿರುಗುತ್ತದೆ, ಹಿಂದೆ ಸೈಟೆಕ್ ಹೆಸರಲ್ಲಿದ್ದ ಲಾಜಿಟೆಕ್ ಯೋಕ್ 90 ಡಿಗ್ರಿ. ಕೋನ ಚಿಕ್ಕದಾದಷ್ಟೂ ಸಣ್ಣ ತಿದ್ದುಪಡಿ ಕಷ್ಟ. ಮಾಡುವುದೇ ಆದರೆ ನಡುಬಿಂದುವಿನಲ್ಲಿ ಕುಳಿ ಬೀಳುವ ಕ್ಯಾಮ್ ವಿನ್ಯಾಸ ಬೇಡ. ಯೋಕ್ ಪ್ರತಿ ಸಲ ಆ ಕುಳಿಯಿಂದ ಹತ್ತಿ ಇಳಿಯಬೇಕಾಗಿ, ಇಳಿಯುವಾಗಿನ ನವಿರು ಚಲನೆ ಸಿಗುವುದೇ ಇಲ್ಲ. ಎರಡು ಕಡೆಯಿಂದಲೂ ಮೊದಲೇ ಸ್ವಲ್ಪ ಎಳೆದುಕೊಂಡಿರುವ ಸ್ಪ್ರಿಂಗ್ ಜೋಡಿ ಸಾಕು.

ಸ್ವಿಚ್‌ಗಳು ಸುಳ್ಳು ಹೇಳುವ ಬಗೆ

ದೊಡ್ಡ ಟಾಗಲ್ ಸ್ವಿಚ್ ಒತ್ತಿದಾಗ ಆಗುವ ಆ ‘ಟಕ್’ ಸದ್ದಿಗೆ ಮರುಳಾಗದವರಿಲ್ಲ. ಆದರೆ 10 ಅಥವಾ 15 ಆಂಪಿಯರ್‌ಗೆ ಮಾಡಿದ ಸ್ವಿಚ್‌ಗಳ ಸಂಪರ್ಕ ಬಿಂದು ಸಾಮಾನ್ಯವಾಗಿ ಬೆಳ್ಳಿಯದು. ಬೆಳ್ಳಿಯ ಮೇಲೆ ಕೂರುವ ತೆಳು ಪೊರೆಯನ್ನು ದೊಡ್ಡ ಕರೆಂಟ್ ಸುಟ್ಟು ಹಾಕುತ್ತದೆ. ಎಟಿಮೆಗಾದ ಒಳಗಿನ ಪುಲ್-ಅಪ್ (ಪಿನ್ನನ್ನು 5 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) 20 ರಿಂದ 50 ಕಿಲೋಓಮ್. ಅದರಲ್ಲಿ ಹರಿಯುವುದು ಮಿಲಿಆಂಪಿಯರ್‌ನ ಹತ್ತನೇ ಒಂದು, ಹೆಚ್ಚೆಂದರೆ ಕಾಲು ಭಾಗ. ಪೊರೆ ಹಾಗೇ ಉಳಿಯುತ್ತದೆ. ಆರು ತಿಂಗಳಾದ ಮೇಲೆ ಸ್ವಿಚ್ ಹಾಕಿದರೂ ಕೆಲವೊಮ್ಮೆ ಹತ್ತುವುದಿಲ್ಲ, ಎರಡು ಸಲ ಆಡಿಸಿದರೆ ಹತ್ತುತ್ತದೆ, ಬಿಚ್ಚಿ ನೋಡಿದರೆ ಬೆಸುಗೆ ಸರಿಯಾಗಿಯೇ ಇರುತ್ತದೆ. ಪರಿಹಾರ ಎರಡು: ಚಿನ್ನದ ಲೇಪದ ಸಂಪರ್ಕವಿರುವ ಸಣ್ಣ ಸಿಗ್ನಲ್ ಸ್ವಿಚ್ ಕೊಳ್ಳುವುದು, ಅಥವಾ ಪ್ರತಿ ಸ್ವಿಚ್‌ಗೆ ಹೊರಗಿನಿಂದ 2.2 ಕಿಲೋಓಮ್ ಪುಲ್-ಅಪ್ ಕೊಟ್ಟು ಕರೆಂಟನ್ನು 2 ಮಿಲಿಆಂಪಿಯರ್ ದಾಟಿಸುವುದು. ನಲವತ್ತೂ ಒಟ್ಟಿಗೆ ಹಾಕಿದರೂ 91 ಮಿಲಿಆಂಪಿಯರ್, ಯುಎಸ್‌ಬಿಗೆ ಭಾರವಲ್ಲ.

ಪಿನ್ ಉಳಿಸಲು ಮ್ಯಾಟ್ರಿಕ್ಸ್ ಮಾಡುವವರಿದ್ದಾರೆ. 12 ಪಿನ್‌ನಲ್ಲಿ ಆರು ಸಾಲು ಆರು ಕಂಬ, 36 ಸ್ವಿಚ್. ಒಂದು ಚೌಕದ ಮೂರು ಮೂಲೆಯ ಸ್ವಿಚ್‌ಗಳು ಹಾಕಿದ್ದರೆ ನಾಲ್ಕನೆಯದೂ ಹಾಕಿದಂತೆ ತೋರುವುದು ಮ್ಯಾಟ್ರಿಕ್ಸ್‌ನ ಹುಟ್ಟುಗುಣ. ಕೀಬೋರ್ಡ್‌ನಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತುವುದು ಅಪರೂಪ. ಕಾಕ್‌ಪಿಟ್‌ನಲ್ಲಿ ಅರ್ಧಕ್ಕರ್ಧ ಸ್ವಿಚ್ ಗಂಟೆಗಟ್ಟಲೆ ಹಾಕಿಯೇ ಇರುತ್ತವೆ. ಆದ್ದರಿಂದ ಪ್ರತಿ ಸ್ವಿಚ್‌ಗೂ ಒಂದು 1ಎನ್4148 ಡಯೋಡ್ ಕಡ್ಡಾಯ, ಎಲ್ಲವೂ ಒಂದೇ ದಿಕ್ಕಿಗೆ. ಇದಕ್ಕಿಂತ 74ಎಚ್‌ಸಿ165 ಶಿಫ್ಟ್ ರಿಜಿಸ್ಟರ್ ನೆಮ್ಮದಿ. ಒಂದು ಚಿಪ್‌ಗೆ ಎಂಟು ಸ್ವಿಚ್, ಆರು ಚಿಪ್ ಸರಪಣಿ ಮಾಡಿದರೆ 48, ಮೆಗಾದಲ್ಲಿ ಬೇಕಾಗುವುದು ಮೂರೇ ಪಿನ್. ಡಯೋಡ್ ಬೇಡ, ದೆವ್ವದ ಸ್ವಿಚ್ ಇಲ್ಲ. ಈ ಚಿಪ್‌ನಲ್ಲಿ ಒಳಗಿನ ಪುಲ್-ಅಪ್ ಇಲ್ಲ, ಮೇಲೆ ಹೇಳಿದ 2.2 ಕಿಲೋಓಮ್ ಇಲ್ಲಿಯೇ ಕೆಲಸಕ್ಕೆ ಬರುತ್ತದೆ. ಪ್ರತಿ ಚಿಪ್‌ನ ಪವರ್ ಕಾಲಿಗೆ 100 ನ್ಯಾನೋಫ್ಯಾರಡ್ ಹಾಕಿ. ಖಾಲಿ ಉಳಿದ ಇನ್‌ಪುಟ್‌ಗಳನ್ನು ತೇಲಲು ಬಿಡದೆ 5 ವೋಲ್ಟ್‌ಗೆ ಕಟ್ಟಿ.

ಮ್ಯಾಗ್ನೆಟೊ ಕೀಲಿಯಲ್ಲಿ ಒಂದು ಗುಪ್ತ ಬಲೆ ಇದೆ. ಆಫ್, ಆರ್, ಎಲ್, ಬೋತ್, ಸ್ಟಾರ್ಟ್ ಐದರಲ್ಲಿ ಆಫ್‌ಗೆ ತಂತಿ ಏಕೆ, ಯಾವುದೂ ಇಲ್ಲದಿದ್ದರೆ ಆಫ್ ಎಂದು ತಿಳಿದರಾಯಿತು ಎಂದು ನಾಲ್ಕೇ ತಂತಿ ಎಳೆಯುವುದು ಸಹಜ. ಸಾಮಾನ್ಯ ರೋಟರಿ ಸ್ವಿಚ್ ಒಂದು ಸ್ಥಾನ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಯಾವುದನ್ನೂ ಮುಟ್ಟದ ಕ್ಷಣವೊಂದಿದೆ. ಆ ಕ್ಷಣ ಸಿಮ್ಯುಲೇಟರ್‌ಗೆ ಆಫ್ ಎಂದು ಕಾಣುತ್ತದೆ, ಎಂಜಿನ್ ಕೆಮ್ಮುತ್ತದೆ. ಐದನೆಯ ತಂತಿಯನ್ನೂ ಎಳೆಯಿರಿ. ಯಾವುದೂ ಇಲ್ಲದಾಗ ಹಿಂದಿನ ಸ್ಥಿತಿಯೇ ಮುಂದುವರಿಯಲಿ. ಫ್ಯೂಯಲ್ ಸೆಲೆಕ್ಟರ್‌ಗೂ ಇದೇ ಮಾತು.

ಸ್ವಿಚ್ ಮತ್ತು ಸಿಮ್ಯುಲೇಟರ್ ಎತ್ತು ಏರಿಗೆ, ಕೋಣ ನೀರಿಗೆ ಆಗುವುದು ಇನ್ನೊಂದು ಸಾಮಾನ್ಯ ದೂರು. ಮೇಲೆ ತಳ್ಳಿದರೆ ಬ್ಯಾಟರಿ ಆರುತ್ತದೆ, ಕೆಳಗೆ ತಳ್ಳಿದರೆ ಹತ್ತುತ್ತದೆ. ತಂತಿಯ ತಪ್ಪಲ್ಲ. ಸ್ವಿಚ್‌ಗೆ ‘ಟಾಗಲ್’ ಆದೇಶ ಜೋಡಿಸಿರುತ್ತಾರೆ. ಅದು ಇದ್ದ ಸ್ಥಿತಿಯನ್ನು ತಿರುವು ಮಾಡುತ್ತದೆ ಅಷ್ಟೇ. ಹಾಕಿದಾಗ ‘ಆನ್’, ತೆಗೆದಾಗ ‘ಆಫ್’ ಎಂಬ ಎರಡು ಪ್ರತ್ಯೇಕ ಆದೇಶಗಳನ್ನು ಜೋಡಿಸಿ. ಮೊಬಿಫ್ಲೈಟ್‌ನಲ್ಲಿ ಒತ್ತಿದಾಗಿನ ಮತ್ತು ಬಿಟ್ಟಾಗಿನ ಕ್ರಿಯೆಗೆ ಬೇರೆ ಬೇರೆ ಜಾಗವಿದೆ. ಹಾರಾಟ ಶುರುವಾಗುವಾಗ ವಿಮಾನ ಪೂರ್ತಿ ಆರಿದ ಸ್ಥಿತಿಯಲ್ಲಿರಲಿ, ನಿಮ್ಮ ಸ್ವಿಚ್‌ಗಳೂ ಕೆಳಗಿರಲಿ.

ಎನ್‌ಕೋಡರ್‌ಗಳನ್ನು ಮಾತ್ರ ಮ್ಯಾಟ್ರಿಕ್ಸ್‌ಗೆ ಸೇರಿಸಬೇಡಿ, ನೇರ ಪಿನ್‌ಗೆ ಕೊಡಿ. ಇಸಿ11 ಎನ್‌ಕೋಡರ್‌ಗೆ ಒಂದು ಸುತ್ತಿಗೆ 20 ಕ್ಲಿಕ್, ಪ್ರತಿ ಕ್ಲಿಕ್‌ಗೆ ನಾಲ್ಕು ಸ್ಥಿತಿ ಎಂದರೆ 80. ಸೆಕೆಂಡಿಗೆ ಮೂರು ಸುತ್ತು ತಿರುಗಿಸಿದರೆ ಒಂದು ಸ್ಥಿತಿಗೆ ಸಿಗುವುದು 4 ಮಿಲಿಸೆಕೆಂಡ್. ಬಟನ್‌ಗೆಂದು 10, 20 ಮಿಲಿಸೆಕೆಂಡ್ ಡಿಬೌನ್ಸ್ (ಸಂಪರ್ಕದ ನಡುಕ ನಿಲ್ಲುವ ತನಕ ಕಾಯುವ ಅವಧಿ) ಇಟ್ಟ ಮ್ಯಾಟ್ರಿಕ್ಸ್ ಇದನ್ನು ನುಂಗಿಬಿಡುತ್ತದೆ. ಹೆಡಿಂಗ್ ಬಗ್ (ಆಯ್ದ ದಿಕ್ಕು ತೋರುವ ಗುರುತು) ಮುಂದೆ ಹೋಗುವ ಬದಲು ಹಿಂದೆ ಮುಂದೆ ಕುಣಿಯುತ್ತದೆ. ಎರಡು ಕ್ಲಿಕ್‌ಗೆ ಒಂದೇ ಎಣಿಕೆ ಬರುತ್ತಿದ್ದರೆ ಎನ್‌ಕೋಡರ್ ಹಾಳಾಗಿಲ್ಲ, ಅದು ಕ್ಲಿಕ್‌ಗೆ ಎರಡೇ ಸ್ಥಿತಿ ಬದಲಿಸುವ ಜಾತಿಯದು. ಮೊಬಿಫ್ಲೈಟ್‌ನ ಸಾಧನ ಸೆಟಿಂಗ್‌ನಲ್ಲಿ ಎನ್‌ಕೋಡರ್ ಬಗೆ ಬದಲಾಯಿಸಿ. ನಾಬ್ ಕೊಳ್ಳುವ ಮುನ್ನ ದಂಡ ಅಳೆಯಿರಿ: 6 ಮಿಲಿಮೀಟರ್‌ನದೂ ಇದೆ, ಕಾಲು ಇಂಚಿನ 6.35 ಮಿಲಿಮೀಟರ್‌ನದೂ ಇದೆ. ಒಂದಕ್ಕೆ ಮಾಡಿದ ನಾಬ್ ಇನ್ನೊಂದಕ್ಕೆ ಸೇರದು, ಸೇರಿದರೂ ಕುಣಿಯುತ್ತದೆ.

ದೀಪ, ಮುಳ್ಳು, ಕರೆಂಟ್

ದೀಪಗಳಿಗೆ ಎರಡು 74ಎಚ್‌ಸಿ595 (ಔಟ್‌ಪುಟ್‌ಗೆ ಮಾಡಿದ ಶಿಫ್ಟ್ ರಿಜಿಸ್ಟರ್) ಸಾಕು, 16 ಎಲ್‌ಇಡಿ. ಒಂದೊಂದಕ್ಕೂ ತನ್ನದೇ ರೆಸಿಸ್ಟರ್ ಇರಲಿ. ಕರೆಂಟ್ 4, 5 ಮಿಲಿಆಂಪಿಯರ್ ದಾಟುವುದು ಬೇಡ. ಕತ್ತಲೆಯ ಕೋಣೆಯಲ್ಲಿ ಅದೇ ಕಣ್ಣು ಕುಕ್ಕುತ್ತದೆ.

ಮುಳ್ಳಿನ ಡಯಲ್‌ಗಳ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪ್ಯಾನೆಲ್ಲಿನಲ್ಲಿ ಗುಂಡನೆಯ ರಂಧ್ರ ಕೊರೆದು ಹಿಂದೆ ಒಂದು ಎಲ್‌ಸಿಡಿ ಪರದೆ ಇಟ್ಟು, ಏರ್ ಮ್ಯಾನೇಜರ್‌ನಂಥ ತಂತ್ರಾಂಶದಲ್ಲಿ ಡಯಲ್ ಮೂಡಿಸಿದರೆ ವೇಗ, ಎತ್ತರ ಮುಂತಾದವನ್ನು ತೋರುವ ಆರೂ ಮುಖ್ಯ ಉಪಕರಣ ಒಂದೇ ಸಲಕ್ಕೆ ಸಿಗುತ್ತವೆ. ನಿಜ ಮುಳ್ಳೇ ಬೇಕೆನ್ನುವವರಿಗೆ ಎಕ್ಸ್27.168 ಎಂಬ ಪುಟ್ಟ ಸ್ಟೆಪರ್ ಮೋಟಾರ್ ಇದೆ. ಅದು 315 ಡಿಗ್ರಿ ಮಾತ್ರ ತಿರುಗುತ್ತದೆ. ವೇಗಮಾಪಕಕ್ಕೆ ಸರಿ, ಸುತ್ತುತ್ತಲೇ ಇರಬೇಕಾದ ಆಲ್ಟಿಮೀಟರ್‌ಗೆ ಆಗದು. ಒಂದೊಂದು ಸುರುಳಿ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ, ಮೋಟಾರ್‌ಗೆ ಎರಡು ಸುರುಳಿ. ಆರು ಮೋಟಾರನ್ನು ನೇರ ಮೆಗಾಕ್ಕೆ ಕಟ್ಟಿದರೆ ಚಿಪ್‌ನ ಒಟ್ಟು ಮಿತಿಯಾದ 200 ಮಿಲಿಆಂಪಿಯರ್ ಮೀರುತ್ತದೆ. ನಾಲ್ಕು ಮೋಟಾರ್ ನಡೆಸುವ ಎಕ್ಸ್12.017 ಡ್ರೈವರ್ ಚಿಪ್ ಹಾಕಿ, ಈ ಕೆಲಸಕ್ಕೆ ಎರಡನೆಯ ಮೆಗಾ ಇಡಿ.

ಸರ್ವೊ (ಹೇಳಿದ ಕೋನಕ್ಕೆ ತಿರುಗುವ ಮೋಟಾರ್), ಪ್ಯಾನೆಲ್ ಹಿಂಬೆಳಕಿನ ಪಟ್ಟಿ ಇತ್ಯಾದಿಗಳಿಗೆ ಬೇರೆಯೇ ಅಡಾಪ್ಟರ್ ಬೇಕು, ಗ್ರೌಂಡ್ ಮಾತ್ರ ಬೋರ್ಡ್ ಜೊತೆ ಒಂದಾಗಿರಬೇಕು. ಸರ್ವೊ ಸಿಕ್ಕಿಬಿದ್ದಾಗ ನೂರಾರು ಮಿಲಿಆಂಪಿಯರ್ ಎಳೆದು ಬೋರ್ಡನ್ನೇ ಮರುಪ್ರಾರಂಭ ಮಾಡಿಸುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಸ್ವಂತ ಅಡಾಪ್ಟರ್ ಇರುವ ಹಬ್ ಕೊಳ್ಳಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸಾಧನಗಳನ್ನು ನಿದ್ದೆಗೆ ಕಳಿಸುವ ವ್ಯವಸ್ಥೆ ಇದೆ, ಅದನ್ನು ನಿಲ್ಲಿಸಿ. ಇಲ್ಲದಿದ್ದರೆ ಉದ್ದದ ಹಾರಾಟದ ಕೊನೆಗೆ, ಇಳಿಯುವ ಹೊತ್ತಿಗೆ ಸರಿಯಾಗಿ, ಪೆಡಲ್ ಸತ್ತಿರುತ್ತದೆ. ಎರಡು ಪ್ರೊ ಮೈಕ್ರೊ ಒಂದೇ ಹೆಸರಿನಲ್ಲಿ ಕಾಣಿಸಿಕೊಂಡರೆ ಸಿಮ್ಯುಲೇಟರ್ ಅವನ್ನು ಅದಲುಬದಲು ಮಾಡಬಹುದು. ಬೋರ್ಡ್ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ ಬೇರೆ ಹೆಸರು, ಬೇರೆ ಗುರುತಿನ ಸಂಖ್ಯೆ ಕೊಡಿ.

ಇಷ್ಟಾದ ಮೇಲೆ ಹಂಚಿಕೆ ಹೀಗಾಗುತ್ತದೆ. ಪೆಡಲ್ ಪೆಟ್ಟಿಗೆಯೊಳಗೇ ಒಂದು ಪ್ರೊ ಮೈಕ್ರೊ, ರಡರ್ ಮತ್ತು ಎರಡು ಬ್ರೇಕ್‌ಗೆ. ಮೂರು ಮೀಟರ್ ಅನಲಾಗ್ ತಂತಿ ಎಳೆದರೆ ದಾರಿಯುದ್ದಕ್ಕೂ ಸುತ್ತಲಿನ ವಿದ್ಯುತ್ ಅಡಚಣೆಯನ್ನು ಹಿಡಿಯುತ್ತದೆ. ಬೋರ್ಡನ್ನು ಸೆನ್ಸರ್ ಹತ್ತಿರ ಇಟ್ಟು ಯುಎಸ್‌ಬಿ ತಂತಿ ಎಳೆದರೆ ಆ ತೊಂದರೆ ಇಲ್ಲ, 5 ಮೀಟರ್ ಮೀರದಿದ್ದರಾಯಿತು. ಯೋಕ್, ಥ್ರಾಟಲ್, ಮಿಕ್ಸ್ಚರ್ ಮತ್ತು ಯೋಕ್ ಮೇಲಿನ ಬಟನ್‌ಗಳಿಗೆ ಇನ್ನೊಂದು ಪ್ರೊ ಮೈಕ್ರೊ. ಯೋಕ್ ನೀವೇ ಮಾಡದೆ ಕೊಂಡರೆ ಈ ಬೋರ್ಡ್‌ಗೆ ಉಳಿಯುವುದು ಥ್ರಾಟಲ್, ಮಿಕ್ಸ್ಚರ್ ಮಾತ್ರ. ಮೆಗಾದಲ್ಲಿ ಎನ್‌ಕೋಡರ್ 16, ಒತ್ತು ಬಟನ್ 4, ಶಿಫ್ಟ್ ರಿಜಿಸ್ಟರ್‌ಗಳಿಗೆ 6, ಒಟ್ಟು 26 ಪಿನ್. ಸೀರಿಯಲ್‌ಗೆ ಮೀಸಲಾದ 0 ಮತ್ತು 1ನೇ ಪಿನ್ ಮುಟ್ಟಬೇಡಿ. ಇನ್ನೂ ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿಯುತ್ತದೆ, ಉಳಿಯಲಿ.

ಹಲವು ಎಳೆಗಳಿರುವ ತಂತಿಯನ್ನೇ ಬಳಸಿ. ಒಂಟಿ ಎಳೆಯ ತಂತಿ ಬೆಸುಗೆಯ ಬುಡದಲ್ಲಿ ಮುರಿಯುತ್ತದೆ. ಪ್ರಯೋಗಕ್ಕೆಂದು ಬರುವ ಚುಚ್ಚು ತಂತಿಗಳು ಕಾಯಂ ಕೆಲಸಕ್ಕಲ್ಲ, ಒಂದೊಂದಾಗಿ ಕಳಚಿಕೊಳ್ಳುತ್ತವೆ. ಪ್ರತಿ ಪ್ಯಾನೆಲ್ಲಿಗೂ ಜೆಎಸ್‌ಟಿ ಅಥವಾ 25 ಕಾಲಿನ ಡಿ-ಸಬ್ ಕನೆಕ್ಟರ್ ಹಾಕಿ, ಎರಡೂ ತುದಿಗೆ ಸಂಖ್ಯೆ ಬರೆದು ಅಂಟಿಸಿ.

ಈ ಕನೆಕ್ಟರ್‌ಗಳೇ ನಿಮ್ಮ ಏರ್‌ಬಸ್ ಪ್ರಶ್ನೆಗೂ ಉತ್ತರ. ಪೆಡಲ್, ಹಬ್, ಮೆಗಾ ಹಾಗೇ ಉಳಿಯುತ್ತವೆ. ಪ್ಯಾನೆಲ್ ಕಳಚಿ ಬೇರೆಯದನ್ನು ಸಿಕ್ಕಿಸಬಹುದು. ಯೋಕ್ ಮಾತ್ರ ಪೂರ್ತಿ ಹೋಗಬೇಕು. ಅದರ ಜಾಗಕ್ಕೆ ಬರುವ ಸೈಡ್‌ಸ್ಟಿಕ್ ಮೂಗು ಏರಿಳಿಸಲು ಎರಡೂ ಕಡೆ 16 ಡಿಗ್ರಿ, ವಾಲಿಸಲು 20 ಡಿಗ್ರಿ ಅಷ್ಟೇ ಬಾಗುತ್ತದೆ. ಆ ಕಿರಿದಾದ ಓಟಕ್ಕೆ ಎಸ್ಎಸ್49ಇ ಚೆನ್ನಾಗಿ ಒಗ್ಗುತ್ತದೆ. ಒಂದು ಲೆಕ್ಕದಲ್ಲಿ ಎ320 ಮನೆಯಲ್ಲಿ ಕಟ್ಟುವವರ ಪಾಲಿಗೆ 737ಗಿಂತ ಸುಲಭ. ಬೋಯಿಂಗ್‌ನಲ್ಲಿ ಆಟೊಥ್ರಾಟಲ್ ಹಾಕಿದರೆ ಸನ್ನೆಗಳು ತಾವೇ ಚಲಿಸುತ್ತವೆ, ಹಾಗಾಗಿ ನಿಜದಂತೆ ಬೇಕೆಂದರೆ ಮೋಟಾರ್, ಕ್ಲಚ್ ಎಲ್ಲ ಬೇಕು. ಏರ್‌ಬಸ್‌ನ ಸನ್ನೆಗಳು ಕ್ಲೈಂಬ್ ಗುರುತಿನಲ್ಲಿ ಅಲ್ಲಾಡದೆ ಕೂರುತ್ತವೆ, ಸೈಡ್‌ಸ್ಟಿಕ್ ಕೂಡ ಆಟೊಪೈಲಟ್ ಜೊತೆ ಚಲಿಸುವುದಿಲ್ಲ. ಎರಡು ಪೊಟೆನ್ಷಿಯೋಮೀಟರ್, ಗುರುತುಗಳಲ್ಲಿ ಕಚ್ಚಿ ನಿಲ್ಲುವ ಸ್ಪ್ರಿಂಗ್ ಮತ್ತು ಗುಂಡು, ಅಷ್ಟೇ. ಭಾರ ಬೀಳುವುದು ತಲೆಯ ಮೇಲಿನ ಪ್ಯಾನೆಲ್ಲಿನ ಸ್ವಿಚ್‌ಗಳ ಸಂಖ್ಯೆಯಲ್ಲಿ. ಅದಕ್ಕೆ ಇನ್ನೊಂದು ಮೆಗಾ, ಇನ್ನೊಂದಷ್ಟು 165 ಚಿಪ್ ಮತ್ತು ಹೊಸದೊಂದು ಹಾಳೆ ಬೇಕಾಗುತ್ತದೆ.